ಮೀನಿನ ಪೆಟ್ಟಿಗೆಯ ಕಾವು

ಮೊನ್ನೆ ಗೂಡಲೂರಿನಲ್ಲಿ ಬಸ್ಸಿಳಿದಾಗ, ಕುಮಿಳಿ ಘಾಟಿ ಇಳಿದು ಬಂದ ಮೀನಿನ ವ್ಯಾನೊಂದು ಚಹಾದಂಗಡಿಯ ಮುಂದೆ ನಿಂತಿತ್ತು. ಡ್ರೈವರು ಹಿಂದಿನ ಬಾಗಿಲು ತೆಗೆದು ಖಾಲಿ ಥರ್ಮೋಕೋಲ್ ಪೆಟ್ಟಿಗೆಗಳನ್ನು ಕೆಳಗಿಳಿಸುತ್ತಿದ್ದ. ಕರಗಿದ ಐಸು, ಉಪ್ಪು, ಮತ್ತಿ ಮೀನು ಎಲ್ಲ ಸೇರಿದ ಆ ವಾಸನೆಗೆ ನನ್ನ ಜೊತೆ ಇಳಿದವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡು ಸರಸರನೆ ಸರಿದುಹೋದರು. ನಾನು ನಿಂತುಬಿಟ್ಟೆ. ನಿಂತದ್ದಷ್ಟೇ ಅಲ್ಲ, ಎದೆ ತುಂಬ ಉಸಿರೆಳೆದುಕೊಂಡೆ. ಆ ವಾಸನೆಗೆ ನನಗೆ ಮೀನು ನೆನಪಾಗುವುದಿಲ್ಲ, ಕೋಳಿಮರಿ ನೆನಪಾಗುತ್ತದೆ. ಕೈಯಲ್ಲಿದ್ದ ವಯರು ಬುಟ್ಟಿಯಿಂದ ಎಳೆಯ ಹೇಂಟೆಯೊಂದು ಕತ್ತು ಹೊರಚಾಚಿ ನೋಡಿತು. ಅದರ ಅಜ್ಜಿ ಹುಟ್ಟಿದ್ದು ಇಂಥದೇ ಪೆಟ್ಟಿಗೆಯಲ್ಲಿ, ಊರೆಲ್ಲ ಬೇಡವೆಂದ ಒಂದು ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ.

ನನ್ನ ತವರು ತಮಿಳು ಸೀಮೆಯಲ್ಲಿ, ತೇನಿ ಕಡೆಯ ಕೊಂಬೈ. ಅಲ್ಲಿನ ನಮ್ಮ ಕನ್ನಡದ ಮನೆಗಳಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಅವಳ ಕೈಗೆ ಒಂದು ಹೇಂಟೆ ಕೊಡುತ್ತಾಳೆ. ಒಡವೆ ಗಂಡನ ಮನೆಯ ಬೀರುವಿಗೆ ಹೋಗುತ್ತದೆ, ಪಾತ್ರೆಗಳು ಅವರ ಅಡಿಗೆಮನೆಗೆ ಹೋಗುತ್ತವೆ. ಆ ಹೇಂಟೆ, ಅದರ ಮಕ್ಕಳು ಮೊಮ್ಮಕ್ಕಳು ಮಾತ್ರ ಕೊನೆಯವರೆಗೂ ಅವಳದೇ. ನಾನು ಕಂಬಂ ಪಕ್ಕದ ಈ ಊರಿಗೆ ಬಂದಾಗ ಅಮ್ಮ ಕೊಟ್ಟದ್ದು ಕಂದು ಮೈಗೆ ಕರಿ ಚುಕ್ಕೆಯ, ಗಿಡ್ಡ ಕಾಲಿನ, ಮಹಾ ಜಗಳಗಂಟಿ ಹೇಂಟೆ. ಅಂಗಳಕ್ಕೆ ಬಂದ ನಾಯಿಯನ್ನೂ ಅದು ಬೀದಿಯ ತುದಿಯವರೆಗೆ ಅಟ್ಟಿ ಬರುತ್ತಿತ್ತು. ಅಮ್ಮ ತೀರಿಕೊಂಡ ಮೇಲೂ ಆ ಚುಕ್ಕೆ, ಆ ಸಿಡುಕು ನನ್ನ ಅಂಗಳದಲ್ಲಿ ಓಡಾಡಿಕೊಂಡಿದ್ದವು.

ನನ್ನ ಗಂಡ ಹೋದದ್ದು ಒಂದು ಬೇಸಿಗೆಯಲ್ಲಿ, ಎದೆನೋವೆಂದು ಮಲಗಿದವರು ಏಳಲಿಲ್ಲ. ಅಲ್ಲಿಂದ ಮುಂದೆ ದ್ರಾಕ್ಷಿತೋಟದ ಮಾತೆಲ್ಲ ಪಕ್ಕದ ಮನೆಯಲ್ಲಿದ್ದ ಭಾವನ ಪಾಲಾಯಿತು. ಬಳ್ಳಿ ಯಾವಾಗ ಸವರಬೇಕು, ಯಾವ ಮದ್ದು ಹೊಡೆಯಬೇಕು, ಹಣ್ಣು ಯಾವ ವ್ಯಾಪಾರಿಗೆ ಕೊಡಬೇಕು, ಒಂದನ್ನೂ ಯಾರೂ ನನ್ನನ್ನು ಕೇಳಲಿಲ್ಲ. ಮನೆಯಲ್ಲಿ ನಾನು, ಅತ್ತೆ, ರಜೆಗೆ ಬಂದರೆ ದಿಂಡಿಗಲ್ಲಿನ ಹಾಸ್ಟೆಲಿನಿಂದ ಮಗಳು. ನನ್ನ ಮಾತು ನಡೆಯುತ್ತಿದ್ದದ್ದು ಕೋಳಿಗೂಡಿನಲ್ಲಿ ಮಾತ್ರ. ಅಲ್ಲೂ ಪೂರ್ತಿ ನಡೆಯುತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಆ ವರ್ಷ ಆಡಿಗೆ ಹಿಂದಿನ ಆನಿ ತಿಂಗಳ ಕೊನೆಗೆ ಬೀದಿಗೆ ಕೋಳಿರೋಗ ಬಂತು. ಬೆಳಗ್ಗೆ ಗೂಡು ತೆಗೆದರೆ ಒಂದೆರಡು ಸೆಟೆದುಕೊಂಡಿರುತ್ತಿದ್ದವು, ಸಂಜೆಯೊಳಗೆ ಮತ್ತೊಂದು ಕತ್ತು ತಿರುಚಿಕೊಂಡು ಬೀಳುತ್ತಿತ್ತು. ವಾರದೊಳಗೆ ಬೀದಿಯಲ್ಲಿ ಕೂಗಲು ಒಂದು ಹುಂಜವೂ ಉಳಿಯಲಿಲ್ಲ. ನನ್ನದರಲ್ಲಿ ಕೊನೆಯದನ್ನು ತೆಂಗಿನ ಬುಡದಲ್ಲಿ ಹೂತು ಬಂದು ಕೈ ತೊಳೆಯುವಾಗ, ಅಕ್ಕಿಯ ಡಬ್ಬದೊಳಗೆ ಮೊಟ್ಟೆಗಳಿರುವುದು ಜ್ಞಾಪಕಕ್ಕೆ ಬಂತು. ರೋಗ ಬರುವ ಮೊದಲು ಇಟ್ಟವು, ಇಪ್ಪತ್ತರ ಆಸುಪಾಸು. ಇನ್ನು ನಾಲ್ಕೈದು ದಿನ ಹೋದರೆ ಅವೂ ಮರಿಗೆ ಬಾರದಂತಾಗುತ್ತವೆ. ಅಮ್ಮ ಕೊಟ್ಟದ್ದರಲ್ಲಿ ಈ ಭೂಮಿಯ ಮೇಲೆ ಉಳಿದಿದ್ದದ್ದು ಅಷ್ಟೇ.

ಕಾವಿಗೆ ಕೂರಲು ಹೇಂಟೆ ಇಲ್ಲ ಅನ್ನುವುದು ಒಂದು ಕಷ್ಟ. ಇನ್ನೊಂದಿತ್ತು. ಮೊಟ್ಟೆ ಕಾವಿಗಿಡುವುದಕ್ಕೆ ನಮ್ಮಲ್ಲಿ ‘ಅಡೆ ಇಕ್ಕುವುದು’ ಎನ್ನುತ್ತಾರೆ. ಅದನ್ನು ಇಕ್ಕುವುದು ಗಂಡ ಇರುವ ಹೆಂಗಸಿನ ಕೈ. ಸ್ನಾನ ಮಾಡಿ, ಹೂ ಮುಡಿದು, ಬುಟ್ಟಿಯಲ್ಲಿ ಒಂದೊಂದೇ ಮೊಟ್ಟೆ ಇಡುತ್ತಾಳೆ. ಗಂಡ ಹೋದವಳು ಕಾಳು ಹಾಕಬಹುದು, ಹಿಕ್ಕೆ ಬಳಿಯಬಹುದು, ಮೊಟ್ಟೆ ಮಾತ್ರ ಇಡುವಂತಿಲ್ಲ. ನನ್ನ ಗಂಡ ಹೋದಂದಿನಿಂದ ಆ ಕೆಲಸವನ್ನು ನನ್ನ ಓರಗಿತ್ತಿ, ಭಾವನ ಹೆಂಡತಿ ಸೆಲ್ವಿ ಅಕ್ಕ ಮಾಡಿಕೊಡುತ್ತಿದ್ದಳು. ಅವಳ ಬಳಿಗೇ ಹೋದೆ.

"ಆಡಿ ತಿಂಗ್ಳಾಗೆ ಯಾರಾದ್ರೂ ಅಡೆ ಇಕ್ತಾರಾ ಈಶ್ವರಿ? ಕೋಳೀನೂ ಇಲ್ಲ. ಮೊಟ್ಟೆ ಕೊಳಂಬು ಮಾಡಿ ತಿಂದ್ಬಿಡು," ಅಂದಳು ಸೆಲ್ವಿ ಅಕ್ಕ.

"ಕೋಳಿ ಇಲ್ದೇನೂ ಮರಿ ಮಾಡ್ತಾರಕ್ಕ ಈಗ. ಪೆಟ್ಟೀಲಿ ಬಲ್ಬ್ ಹಾಕಿ ಕೋಳಿ ಮೈಯಷ್ಟು ಸೂಡು ಕೊಟ್ರೆ ಆಯ್ತು. ಫೋನಾಗೆ ನೋಡಿದೀನಿ."

"ಪೆಟ್ಟಿ ಇರ್ಲಿ. ಒಳಗೆ ಇಕ್ಕೋ ಕೈ ಯಾರ್ದು? ಆಡೀಲಿ ನಾನ್ ಇಕ್ಕಲ್ಲ. ನೀನಂತೂ ಇಕ್ಕಂಗಿಲ್ಲ."

"ಇಕ್ಕಂಗಿಲ್ಲ ಅಂತ ಹೇಳಿದ್ದು ಯಾರು?"

"ಯಾರ್ ಹೇಳ್ಬೇಕು? ನಿಮ್ಮನೇಲೇ ಅತ್ತೆ ಐತಲ್ಲ, ಕೇಳು. ಮಾವ ಹೋಗಿ ಎಷ್ಟು ಕಾಲ ಆಯ್ತು, ಒಂದಿನ ಮುಟ್ಟೈತಾ?"

ಅದು ನಿಜ. ಅತ್ತೆ ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳಕೊಂಡವರು. ಮೊಟ್ಟೆಯ ಬುಟ್ಟಿ ದಾರಿಯಲ್ಲಿದ್ದರೆ ಸುತ್ತಿ ಬಳಸಿ ಹೋಗುವುದನ್ನು ನಾನೇ ಕಂಡಿದ್ದೆ. ಆದರೆ ಅವರು ಸುತ್ತಿ ಬಳಸಿ ಹೋದರೆಂದು ನಾನೂ ಹೋಗಬೇಕೆ? ಬರುವ ದಾರಿಯಲ್ಲೇ ತೀರ್ಮಾನ ಮಾಡಿಕೊಂಡೆ. ಪೆಟ್ಟಿಗೆ ಮಾಡುವುದೂ ನಾನೇ, ಇಕ್ಕುವುದೂ ನಾನೇ.

ಪೆಟ್ಟಿಗೆ ಕಂಬಂ ಸಂತೆಬೀದಿಯ ಮೀನಿನವನಿಂದ ಸಿಕ್ಕಿತು. ಸೀಗೆಪುಡಿ ಹಾಕಿ ತಿಕ್ಕಿದೆ, ಬಿಸಿಲಿಗಿಟ್ಟೆ, ಬೇವಿನ ಸೊಪ್ಪು ತುಂಬಿಟ್ಟೆ. ವಾಸನೆ ಜಗ್ಗಲಿಲ್ಲ. ಬಲ್ಬಿನದು ಇನ್ನೊಂದು ಕಥೆ. ಈಗ ಎಲ್ಲಿ ಕೇಳಿದರೂ ಎಲ್‌ಇಡಿ ಬಲ್ಬು, ಅದು ಬೆಳಗುತ್ತದೆ, ಕಾಯುವುದಿಲ್ಲ. ಕರೆಂಟಿನ ಸಾಮಾನಿನ ಅಂಗಡಿಯವನು, "ಗುಂಡು ಬಲ್ಬಾ? ಇಪ್ಪೊ ಯಾರುಮ್ಮಾ ಅದೆ ಕೇಕ್ಕುರಾ?" ಎಂದು ನಕ್ಕ. ಯಾರೂ ಕೇಳದಿದ್ದರೇನು, ನಾನು ಕೇಳುತ್ತಿದ್ದೇನೆ, ನನಗೆ ಬೆಳಕು ಬೇಡ, ಬಿಸಿ ಬೇಕು ಅಂದೆ. ಏಣಿ ಹತ್ತಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಎರಡು ತೆಗೆದುಕೊಟ್ಟ. ಬಿಸಿ ಹೆಚ್ಚಾದರೆ ಬಲ್ಬು ಆರಿಸುವ, ಇಳಿದರೆ ಹೊತ್ತಿಸುವ ಕಂಟ್ರೋಲರನ್ನು ತೇನಿಯಿಂದ ತಂದೆ. ಅಂಗೈಯಲ್ಲಿ ಹಿಡಿಯುವಷ್ಟು ಯಂತ್ರ, ಅದರಿಂದ ಒಂದು ಕರಿ ವಯರು, ವಯರಿನ ತುದಿಯಲ್ಲಿ ಮೆಣಸಿನಕಾಳಿನಷ್ಟು ಸೆನ್ಸರು. ಆ ಕಾಳು ಎಲ್ಲಿರುತ್ತದೋ ಅಲ್ಲಿನ ಬಿಸಿಯೇ ಯಂತ್ರಕ್ಕೆ ಸತ್ಯ. ಫ್ಯಾನಿಲ್ಲದ ಪೆಟ್ಟಿಗೆಗೆ ಮೂವತ್ತೆಂಟೂವರೆ ಡಿಗ್ರಿ, ಅದೂ ಮೊಟ್ಟೆಯ ತಲೆಯ ಮಟ್ಟದಲ್ಲಿ, ಎಂದು ಫೋನಿನ ವಿಡಿಯೋದಲ್ಲಿ ಒಬ್ಬ ಕೋಳಿ ಸಾಕುವವನು ಹತ್ತು ಸಲ ಹೇಳಿದ್ದ.

ಇಕ್ಕುವ ದಿನ ಬೆಳಗ್ಗೆ ತಲೆಗೆ ಸ್ನಾನ ಮಾಡಿದೆ. ಮೊಟ್ಟೆಗಳನ್ನು ದಿನಕ್ಕೆ ಮೂರು ಸಲ ಹೊರಳಿಸಬೇಕು, ಯಾವುದು ಹೊರಳಿದೆ ಎಂದು ತಿಳಿಯಲು ಒಂದು ಬದಿಗೆ ಗುರುತಿರಬೇಕು. ಪೆನ್ಸಿಲು ಕಿಟಕಿಯಲ್ಲೇ ಇತ್ತು. ನಾನು ಬೇಕೆಂದೇ ದೇವರಗೂಡಿನ ಕುಂಕುಮದ ಭರಣಿ ತೆಗೆದೆ, ಒದ್ದೆ ಬೆರಳಲ್ಲಿ ಒಂದೊಂದು ಮೊಟ್ಟೆಗೂ ಬೊಟ್ಟಿಟ್ಟೆ. ಗಂಡ ಹೋದ ಮೇಲೆ ಆ ಭರಣಿಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಬಾಗಿಲ ಬಳಿ ಕೂತಿದ್ದ ಅತ್ತೆ ಎಲ್ಲ ನೋಡಿದರು. ಬೈಯುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡೇ ನಿಂತಿದ್ದೆ.

"ಇರುಂಬು ಹಾಕ್ದ್ಯಾ?" ಎಂದಷ್ಟೇ ಕೇಳಿದರು.

ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅಡೆಯ ಬುಟ್ಟಿಯಲ್ಲಿ ಒಂದು ಚೂರು ಕಬ್ಬಿಣ ಇಡುವುದು ನಮ್ಮ ರೂಢಿ. ಒಂದು ಶಾಸ್ತ್ರ ಮುರಿದವಳು ಇನ್ನೊಂದನ್ನಾದರೂ ಉಳಿಸಿಕೊಳ್ಳೋಣವೆಂದು ಮುರಿದ ಕುಡುಗೋಲಿನ ಚೂರೊಂದನ್ನು ಪೆಟ್ಟಿಗೆಯ ನಡುವೆ ಇಟ್ಟೆ. ಸೆನ್ಸರಿನ ವಯರು ಜಾರುತ್ತಿತ್ತು, ಅದನ್ನು ಆ ಕಬ್ಬಿಣಕ್ಕೇ ದಾರದಿಂದ ಕಟ್ಟಿದೆ. ನೀರಿನ ಬಟ್ಟಲಿಟ್ಟು, ಮುಚ್ಚಳ ಮುಚ್ಚಿ, ಸ್ವಿಚ್ಚು ಹಾಕಿದೆ. ಯಂತ್ರದಲ್ಲಿ ಕೆಂಪು ಅಂಕಿ ಏರುತ್ತ ಏರುತ್ತ ಮೂವತ್ತೆಂಟೂವರೆಗೆ ಬಂದು ಬಲ್ಬು ಟಪ್ಪೆಂದು ಆರಿತು. ನನಗಾದ ಹೆಮ್ಮೆ ಹೇಳತೀರದು.

ಆಡಿ ಗಾಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಘಟ್ಟದ ಸಂದಿಯಿಂದ ನುಗ್ಗಿದರೆ ತೆಂಗಿನಗರಿ ಎಲ್ಲ ಒಂದೇ ಕಡೆಗೆ ಬಾಗಿ ನಿಲ್ಲುತ್ತದೆ, ಬಾಳೆತೋಟದಲ್ಲಿ ನೆಟ್ಟಗಿರುವ ಎಲೆ ಒಂದೂ ಇರುವುದಿಲ್ಲ. ಅದರ ಜೊತೆ ಮೇಲಿನಿಂದ ಹನಿಹನಿ ಉದುರುವ ಸಾರಲು ಮಳೆ. ಬೆಟ್ಟದಾಚೆ ಸುರಿಯುವ ಮಳೆಯ ಉಗುಳು ಮಾತ್ರ ನಮಗೆ ಸಿಗುವುದು ಎಂದು ಅತ್ತೆ ಹೇಳುತ್ತಿದ್ದರು. ಹಂಚಿನ ಸಂದಿಯಿಂದ ಗಾಳಿ ಒಳಬರುತ್ತಿತ್ತು, ನಾನು ಹಳೇ ಜಮಖಾನ ಸುತ್ತಿ, ಉಸಿರುತೂತುಗಳನ್ನು ಮಾತ್ರ ಬಿಟ್ಟು ಪೆಟ್ಟಿಗೆಯನ್ನು ಕಾಪಾಡುತ್ತಿದ್ದೆ. ಕೆಂಪು ಅಂಕಿ ನೆಟ್ಟಗಿತ್ತು. ಬೀದಿಯವರು ನೀರಿಗೆ ಹೋಗುವಾಗ ಇಣುಕಿ, "ಎನ್ನ ಈಶ್ವರಿ, ಮರಿ ಬಂದುಚಾ?" ಎಂದು ಚುಡಾಯಿಸುತ್ತಿದ್ದರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಐದಾರು ದಿನವಾಗಿರಬಹುದು. ನಾನು ಹೊರಳಿಸುತ್ತಿದ್ದಾಗ ಅತ್ತೆ ಕೂತಲ್ಲಿಂದಲೇ ಹೇಳಿದರು.

"ಒಂದ್ನ ಕಣ್ರೆಪ್ಪೆಗೆ ಒತ್ಕೊಂಡು ನೋಡು."

"ಏನಕ್ಕೆ ಅತ್ತೆ? ಮಿಷನ್ನು ತೋರಿಸ್ತೈತಲ್ಲ."

"ಮಿಷನ್ನು ಅದ್ರ ಸೂಡು ಹೇಳ್ತೈತೆ. ಮೊಟ್ಟೆ ಸೂಡು ಕಣ್ಣಿಗೇ ಗೊತ್ತು. ನಾ ಇಕ್ತಿದ್ದಾಗ ಅಂಗೇ ನೋಡ್ತಿದ್ದದ್ದು."

ಒತ್ತಿಕೊಂಡೆ. ಕೋಳಿಯಡಿಯಿಂದ ತೆಗೆದ ಮೊಟ್ಟೆ ರೆಪ್ಪೆಗೆ ಹಿತವಾಗಿ ಸುಡುತ್ತದೆ. ಇದು ಬರಿ ಬೆಚ್ಚಗಿತ್ತು. ಮಗಳು ಬಿಟ್ಟುಹೋಗಿದ್ದ ಜ್ವರದ ಕಡ್ಡಿಯನ್ನು ಮೊಟ್ಟೆಗಳ ನಡುವೆ ಇಟ್ಟು ನೋಡಿದರೆ ಮೂವತ್ತಾರು ದಾಟಿಲ್ಲ. ತಪ್ಪು ಎಲ್ಲಿ ಎಂದು ಹುಡುಕಿ, ಆ ಕುಡುಗೋಲಿನ ಚೂರು ಮುಟ್ಟಿದಾಗ ಗೊತ್ತಾಯಿತು. ಬಲ್ಬಿನ ಕೆಳಗೇ ಇದ್ದ ಕಬ್ಬಿಣ ಮೊದಲು ಕಾದು, ಕಾದದ್ದನ್ನು ಬಿಡದೆ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ಕಟ್ಟಿದ್ದ ಸೆನ್ಸರು ಸಾಕು ಸಾಕೆಂದು ಬಲ್ಬು ಆರಿಸುತ್ತಿತ್ತು. ಇಷ್ಟು ದಿನ ನಾನು ಕಾಯಿಸಿದ್ದು ಕುಡುಗೋಲನ್ನು.

ದಾರ ಬಿಚ್ಚಿದೆ, ಸೆನ್ಸರನ್ನು ಮೊಟ್ಟೆಗಳ ತಲೆಯ ಮಟ್ಟಕ್ಕೆ, ಬಲ್ಬಿನಿಂದ ದೂರ ತೂಗುಬಿಟ್ಟೆ. ಕಬ್ಬಿಣವನ್ನು ಎಸೆಯಲು ಕೈ ಎತ್ತಿದವಳು ಅತ್ತೆಯ ಮುಖ ನೋಡಿದೆ.

"ಮುಚ್ಚಳದ ಮೇಲಿಕ್ಕು," ಅಂದರು. "ಗುಡುಗು ಮೇಲಿಂದ ತಾನೇ ಬರೋದು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಅಂದಿನಿಂದ ಬೆಳಗ್ಗೆ ಸಂಜೆ ನಾನು ಜ್ವರದ ಕಡ್ಡಿ ಇಟ್ಟು ನೋಡುವುದು, ಆಮೇಲೆ ಒಂದು ಮೊಟ್ಟೆ ರೆಪ್ಪೆಗೆ ಒತ್ತಿಕೊಳ್ಳುವುದು, ಅವರು ದೂರದಿಂದ "ಹೆಂಗೈತೆ?" ಎಂದು ಕೇಳುವುದು. ಹತ್ತಿರ ಬರುತ್ತಿರಲಿಲ್ಲ. ಫೋನಿನ ಟಾರ್ಚು ಹಿಡಿದು ಮೊಟ್ಟೆಯೊಳಗೆ ಕೆಂಪು ನರಗಳ ಬಲೆ ತೋರಿಸಿದಾಗ ಮಾತ್ರ ಬಾಗಿಲಿಂದ ಎರಡು ಹೆಜ್ಜೆ ಮುಂದೆ ಬಂದರು.

ತಿಂಗಳಿಗೊಮ್ಮೆ ನಮ್ಮ ಕಡೆ ಲೈನಿನ ಕೆಲಸಕ್ಕೆಂದು ಬೆಳಗಿನಿಂದ ಸಂಜೆಯವರೆಗೆ ಕರೆಂಟು ತೆಗೆಯುತ್ತಾರೆ. ಆ ತಿಂಗಳ ಶಟ್‌ಡೌನು ಬಂದದ್ದು ಗಾಳಿಯೂ ಸಾರಲೂ ಜೋರಾಗಿದ್ದ ದಿನ. ಭಾವನ ಮನೆಯಲ್ಲಿ ಇನ್ವರ್ಟರಿತ್ತು. ಹಟ ಬದಿಗಿಟ್ಟು ಹೋಗಿ ಕೇಳಿದೆ. ಒಂದು ಬಲ್ಬು ಉರಿದರೆ ಸಾಕು, ಪೆಟ್ಟಿಗೆ ಮೂಲೆಯಲ್ಲಿರುತ್ತದೆ ಅಂದೆ. ಸೆಲ್ವಿ ಅಕ್ಕ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

"ತಪ್ಪಾಗಿ ತಿಳ್ಕೋಬ್ಯಾಡ ಈಶ್ವರಿ. ನೀನು ಕುಂಕುಮ ಇಕ್ಕಿದ ಪೆಟ್ಟಿ. ಗಂಡ ಮಕ್ಳು ಇರೋ ಮನೆ ನಮ್ದು."

ಅಲ್ಲಿಂದಲೇ ತಿರುಗಿದೆ. ನಿಂತು ಬಾಯಿ ಬಿಟ್ಟಿದ್ದರೆ ಆ ಬೀದಿ ಇವತ್ತಿಗೂ ಮರೆಯುತ್ತಿರಲಿಲ್ಲ. ಮನೆಗೆ ಬಂದು ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ ಪೆಟ್ಟಿಗೆಯೊಳಗೆ ಮಲಗಿಸಿದೆ. ಕೋಪದಲ್ಲಿ ನೀರು ಎಷ್ಟು ಕಾದಿದೆ ಎಂದು ನೋಡಲಿಲ್ಲ. ಸ್ವಲ್ಪ ಹೊತ್ತಿಗೇ ಕಡ್ಡಿ ನಲವತ್ತರ ಹತ್ತಿರ ತೋರಿಸಿತು. ತಣ್ಣಗಾದರೆ ಮೊಟ್ಟೆ ಒಂದಿಷ್ಟು ಹೊತ್ತು ತಡೆದುಕೊಳ್ಳುತ್ತದೆ, ಬಿಸಿ ಏರಿದರೆ ತಡೆದುಕೊಳ್ಳುವುದಿಲ್ಲ. ಮುಚ್ಚಳ ಕಿತ್ತು ಬಾಟಲಿ ತೆಗೆದೆ. ತೆಗೆದರೆ ಗಾಳಿ ನುಗ್ಗಿ, ಮತ್ತೆ ಕಡ್ಡಿ ಇಟ್ಟು ನೋಡುವಷ್ಟರಲ್ಲಿ ಅಂಕಿ ಸರ್ರನೆ ಇಳಿದಿತ್ತು. ಮುಚ್ಚಿದರೆ ಏರು, ತೆಗೆದರೆ ಇಳಿ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟೆ. ಗಂಡ ಹೋದಾಗ ಜನರ ಮುಂದೆ ಅತ್ತದ್ದು ಬೇರೆ, ಇದು ಬೇರೆ. ನನ್ನದು ಎಂದು ಇದ್ದ ಒಂದೇ ಒಂದು ನನ್ನ ಕಣ್ಣೆದುರಿಗೇ ಆರಿಹೋಗುತ್ತಿತ್ತು.

ಅತ್ತೆ ಎದ್ದು ಬಂದರು. ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಸೆರಗನ್ನು ಮಡಿಲಿಗೆ ಹರಡಿದರು.

"ಕೊಡಿಲ್ಲಿ."

"ಅತ್ತೆ, ನೀವು ಮುಟ್ಟಲ್ಲ..."

"ಮುಟ್ಟಲ್ಲ ಅಂತ ಯಾರ್ಗೆ ಹೇಳಿದೀನಿ? ಮುಟ್ಬ್ಯಾಡ ಅಂದ್ರು, ಬಿಟ್ಟೆ. ಈಗ ಅಂದೋರು ಯಾರೂ ಇಲ್ಲ. ಕೊಡು."

ಅರ್ಧ ಮೊಟ್ಟೆ ಅವರ ಮಡಿಲಿಗೆ, ಅರ್ಧ ನನ್ನ ಮಡಿಲಿಗೆ. ಮೇಲೆ ಜಮಖಾನ, ಇಬ್ಬರ ಬೆನ್ನಿಗೂ ಒಂದೇ ಕಂಬಳಿ. ಆ ಮಧ್ಯಾಹ್ನ ಹೊಟ್ಟೆಗೆ ಮೊಟ್ಟೆ ಒತ್ತಿಕೊಂಡು ನಾವಿಬ್ಬರೂ ಅಲ್ಲಾಡದೆ ಕೂತೆವು. ಗಾಳಿ ಹಂಚು ಕೀಳುವಂತೆ ಬೀಸುತ್ತಿತ್ತು. ಅತ್ತೆ ಆಗಾಗ ಒಂದನ್ನು ತೆಗೆದು ರೆಪ್ಪೆಗೆ ಒತ್ತಿಕೊಂಡು, ತಲೆಯಾಡಿಸಿ ವಾಪಸ್ ಇಡುತ್ತಿದ್ದರು. ಮಾವ ತೀರಿಕೊಂಡ ವರ್ಷ ಅವರ ಹೇಂಟೆಯೊಂದು ಅಡೆಗೆ ಕೂತು, ಇಕ್ಕುವವರಿಲ್ಲದೆ ಬರೀ ಬುಟ್ಟಿಯಲ್ಲಿ ವಾರಗಟ್ಟಲೆ ಕೂತಿತ್ತಂತೆ. ಅದನ್ನು ನೋಡಲಾಗದೆ ಕೊಟ್ಟುಬಿಟ್ಟೆ ಅಂದರು. ಇಷ್ಟು ವರ್ಷದಲ್ಲಿ ಅವರು ಆ ಮಾತು ನನಗೆ ಹೇಳಿದ್ದು ಅಂದೇ. ಸಂಜೆ ಬಲ್ಬು ಹೊತ್ತಿದಾಗ ಮೊಟ್ಟೆಗಳನ್ನು ಒಳಗಿಟ್ಟೆವು. ಅತ್ತೆಯ ಬೆರಳು, ಬಿಳಿ ಸೀರೆಯ ಮಡಿಲು, ಕಣ್ಣಿನ ರೆಪ್ಪೆ, ಎಲ್ಲದಕ್ಕೂ ಕುಂಕುಮ ಹತ್ತಿತ್ತು. ನಾನು ತೋರಿಸಿದೆ. ಅವರು ಬೆರಳು ನೋಡಿಕೊಂಡರು. ಒಗೆಯುತ್ತಾರೆಂದುಕೊಂಡೆ, ಅದೇ ಸೀರೆಯಲ್ಲಿ ಕೊಡ ಎತ್ತಿಕೊಂಡು ಬೀದಿಗೆ ನೀರಿಗೆ ಹೋದರು.

ಕೋಳಿ ಇಪ್ಪತ್ತೊಂದನೆಯ ದಿನ ಮರಿ ಮಾಡುತ್ತದೆ ಎಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಇಪ್ಪತ್ತೊಂದು ಬಂತು, ಹೋಯಿತು. ಪೆಟ್ಟಿಗೆಯಲ್ಲಿ ಸದ್ದಿಲ್ಲ. ಮೊದಲ ದಿನಗಳಲ್ಲಿ ಕಾವು ಕಡಮೆಯಾಗಿದ್ದರಿಂದ ತಡವಾಗುತ್ತದೆ ಎಂದು ನನ್ನ ಲೆಕ್ಕ. ಬೀದಿಯ ಲೆಕ್ಕ ಬೇರೆ ಇತ್ತು. ಮರುದಿನ ಕಳೆದು ಇನ್ನೊಂದು ಬೆಳಗಾಯಿತು. ಭಾವ ಬಂದರು, ಹಿಂದೆ ಸೆಲ್ವಿ ಅಕ್ಕ.

"ಕೊಳೆತೋಗೈತೆ ಈಶ್ವರಿ. ವಾಸನೆ ಬೀದಿಗೆ ಬರ್ತೈತೆ," ಅಂದರು ಭಾವ.

"ಅದು ಮೀನಿನ ವಾಸನೆ ಭಾವ. ಮೊದ್ಲಿಂದ ಐತೆ."

"ಆಡೀಲಿ ಇಂಥದ್ದು ಮನೇಲಿ ಇಕ್ಕೋಬಾರ್ದು. ನಾಲ್ಕು ಜನ ನಮ್ಮನ್ನ ಕೇಳ್ತಾರೆ," ಎನ್ನುತ್ತ ಅವರು ಪ್ಲಗ್ಗಿಗೆ ಕೈ ಹಾಕಿದರು.

ನಾನು ಪೆಟ್ಟಿಗೆಗೆ ಅಡ್ಡ ನಿಂತೆ. ತೋಟದಲ್ಲಿ ನಿಮ್ಮ ಮಾತು, ಇಲ್ಲಿ ನನ್ನ ಮಾತು ಎಂದೆ. ನನ್ನ ದನಿ ಅಷ್ಟು ಗಟ್ಟಿಯಿದೆ ಎಂದು ನನಗೇ ಗೊತ್ತಿರಲಿಲ್ಲ. ಭಾವ ತಾಯಿಯ ಕಡೆ ತಿರುಗಿದರು, ನೀವಾದರೂ ಹೇಳಿ ಎನ್ನುವಂತೆ. ಅತ್ತೆ ಪೆಟ್ಟಿಗೆಯ ಪಕ್ಕ ಬಗ್ಗಿ, ಮುಚ್ಚಳಕ್ಕೆ ಕಿವಿ ಒತ್ತಿಕೊಂಡಿದ್ದರು. ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಆಮೇಲೆ ಮಗನಿಗೆ ಹೇಳಿದರು.

"ಕೈ ತೆಗಿ. ಒಳಗೆ ಕೂಗ್ತೈತೆ."

ಎಲ್ಲರೂ ಬಗ್ಗಿದೆವು. ಸಣ್ಣದು, ಸಿಡುಕಿನದು, ನನಗೆ ಚೆನ್ನಾಗಿ ಗೊತ್ತಿದ್ದ ದನಿ. ಮರಿ ಒಡೆಯುವಾಗ ಮುಚ್ಚಳ ತೆಗೆಯಬಾರದು, ಒಳಗಿನ ತೇವ ಹೋದರೆ ಚಿಪ್ಪಿನ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಸೆಲ್ವಿ ಅಕ್ಕನಿಗೆ ನೋಡುವ ಆಸೆ, ನಾನು ಬಿಡಲಿಲ್ಲ. ಉಸಿರುತೂತಿಗೆ ಕಣ್ಣಿಟ್ಟು ನೋಡು ಅಂದೆ. ನೋಡಿದಳು, ಮೀನಿನ ಪೆಟ್ಟಿಗೆಗೆ ಮೂಗು ಒತ್ತಿಕೊಂಡೇ ನೋಡಿದಳು. ಮಾರನೆಯ ಬೆಳಗ್ಗೆ ಮುಚ್ಚಳ ತೆಗೆದಾಗ ಕುಂಕುಮದ ಚಿಪ್ಪುಗಳ ನಡುವೆ ಹನ್ನೊಂದು ಮರಿ ಎಡವುತ್ತ ಓಡಾಡುತ್ತಿದ್ದವು. ಕೆಲವು ಮೊಟ್ಟೆ ಒಡೆಯಲೇ ಇಲ್ಲ, ಅವನ್ನು ತೆಂಗಿನ ಬುಡಕ್ಕೆ ಹಾಕಿದೆ. ಮರಿಗಳಲ್ಲಿ ಎರಡಕ್ಕೆ ಬೆನ್ನಮೇಲೆ ಕರಿ ಗೆರೆ ಇತ್ತು, ಅವೇ ಆಮೇಲೆ ಚುಕ್ಕೆಯಾಗುವುದು.

ಅವುಗಳಲ್ಲಿ ಒಂದು ಹೇಂಟೆ ಪೊಂಗಲ್ ಕಳೆದು ಕೆಲವು ವಾರಕ್ಕೆ ಅಡೆಗೆ ಕೂತಿತು. ಸೆಲ್ವಿ ಅಕ್ಕ ಹಳೇ ಅಭ್ಯಾಸದಂತೆ ಸ್ನಾನ ಮಾಡಿ, ಕನಕಾಂಬರ ಮುಡಿದು ಬಂದಳು. ಬುಟ್ಟಿಯ ಮುಂದೆ ಆಗಲೇ ಅತ್ತೆ ಕೂತಿದ್ದರು. ಅವರ ಪಕ್ಕದಲ್ಲಿ ಕುಂಕುಮದ ಭರಣಿ ಇತ್ತು. ಕೋಳಿ ಕೂರುವ ಬುಟ್ಟಿಯಲ್ಲಿ ಮೊಟ್ಟೆಗೆ ಗುರುತು ಬೇಕಿಲ್ಲ, ಹೊರಳಿಸುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಆದರೂ ಅತ್ತೆ ಒಂದೊಂದಕ್ಕೂ ಬೊಟ್ಟಿಟ್ಟು ಒಳಗಿಟ್ಟರು. ಸೆಲ್ವಿ ಅಕ್ಕ ತಾನೇ ಪಕ್ಕದಲ್ಲಿ ಕೂತು ಮೊಟ್ಟೆ ಎತ್ತಿಕೊಡತೊಡಗಿದಳು.

ಗೂಡಲೂರಿಗೆ ನಾನು ಹೋದದ್ದು ಮಗಳ ಮನೆಗೆ. ಅವಳ ಮದುವೆಯಾದ ಮೇಲೆ ಹೇಂಟೆ ಕೊಡುವುದು ಬಾಕಿ ಉಳಿದಿತ್ತು. ಕೊಡುವ ಕೈ ಹೇಗಿರಬೇಕೆಂದು ಅದಕ್ಕೂ ಒಂದು ಶಾಸ್ತ್ರವಿದೆ, ನಾನು ಯಾರನ್ನೂ ಕೇಳಲಿಲ್ಲ. ಬೆಳಗ್ಗೆ ಹೊರಡುವಾಗ ಅತ್ತೆ ಬುಟ್ಟಿಯ ಬಾಯಿ ಕಟ್ಟಿಕೊಟ್ಟರು. ಈಗ ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ರೆಪ್ಪೆಗೆ ಮಾತ್ರ ಇನ್ನೂ ಎಲ್ಲ ಗೊತ್ತಾಗುತ್ತದೆ. ಬೀಗರ ಮನೆಯವರು ಕೇಳುತ್ತಾರೆ, ಈ ಹೇಂಟೆಯ ಅಡೆ ಇಕ್ಕಿದ್ದು ಯಾರ ಕೈ ಎಂದು, ಏನು ಹೇಳಲಿ ಅತ್ತೆ ಅಂದೆ.

"ನಂ ಕೈ ಅನ್ನು," ಅಂದರು. "ಕೇಳ್ದಿದ್ರೂ ಅನ್ನು."